ರತ್ನಮ್ಮನವರ ಮೂರನೇ ಕಾಲಂ

ಕೆಲಸಕ್ಕೆ ಸೇರಿದ ಮೊದಲ ದಿನ ಮಹಂತೇಶ ಮಂಡಿವರೆಗಿನ ರಬ್ಬರ್ ಬೂಟು ಹೊತ್ತುಕೊಂಡು ಬಂದಿದ್ದ. ನೇಮಕದ ಪತ್ರದಲ್ಲಿ 'ಅರವತ್ತು ಕೆರೆಗಳ ತುಲನಾತ್ಮಕ ಅಧ್ಯಯನ' ಎಂದಿತ್ತು. ಅರವತ್ತು ಕೆರೆ ಎಂದ ಮೇಲೆ ಕೆಸರಿಗಿಳಿಯದೆ ಆಗುತ್ತದೆಯೇ ಎಂದು ದೆಹಲಿಯ ಕರೋಲ್ ಬಾಗಿನಲ್ಲಿ ಚೌಕಾಸಿ ಮಾಡಿ ಕೊಂಡಿದ್ದ. ಐಟಿಒ ಹತ್ತಿರದ ಆ ಕಚೇರಿ ಮೂರನೇ ಮಹಡಿಯಲ್ಲಿತ್ತು. ಅಲ್ಲಿದ್ದ ನೀರೆಂದರೆ ಮೂಲೆಯ ವಾಟರ್ ಫಿಲ್ಟರಿನದು. ಕೆರೆಗಳೆಲ್ಲ ಕಾಗದದ ಮೇಲಿದ್ದವು, ಅರವತ್ತು ವರದಿಗಳಾಗಿ.

"ಆ ಬೂಟು ಇಲ್ಲಿಡಪ್ಪ," ಎಂದರು ಎದುರು ಮೇಜಿನ ರತ್ನಮ್ಮ. "ನನ್ನ ಛತ್ರಿಗೊಂದು ಜಾಗ ಬೇಕಿತ್ತು."

ರತ್ನಮ್ಮ ಬಿ.ಎ. ಮುಗಿಸಿ, ಮದುವೆಯಾಗಿ, ಎಪ್ಪತ್ತೊಂಬತ್ತರಲ್ಲಿ ಕೋಲಾರದ ಕಡೆಯಿಂದ ದೆಹಲಿಗೆ ಬಂದವರು. ಗಂಡ ಚಂದ್ರಮೋಹನ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತ. ರತ್ನಮ್ಮ ಹದಿನೆಂಟು ವರ್ಷ ಒಂದು ಲೈಬ್ರರಿಯಲ್ಲಿ ಪುಸ್ತಕಗಳಿಗೆ ಕಾರ್ಡು ಬರೆದರು. ಕಂಪ್ಯೂಟರ್ ಬಂತು, ಕಾರ್ಡು ಹೋಯಿತು, ಅವರೂ ಹೋದರು. ಈಗ, 2006ರಲ್ಲಿ, ಇಲ್ಲಿ ವರ್ಷವರ್ಷದ ಗುತ್ತಿಗೆ. ಘಾಜಿಯಾಬಾದಿನಿಂದ ಲೋಕಲ್ ರೈಲು. ಚಳಿಗಾಲವಾದರೆ ಲೇಡೀಸ್ ಬೋಗಿಯಲ್ಲಿ ಇಳಿಯುವ ತಿಲಕ್ ಬ್ರಿಜ್ ಸ್ಟೇಷನ್ ಬರುವಷ್ಟರಲ್ಲಿ ಒಂದು ಕೆ.ಜಿ. ಬಟಾಣಿ ಸುಲಿದಾಗಿರುತ್ತಿತ್ತು. ಗಂಡ ನಿವೃತ್ತರಾದ ಮೇಲಂತೂ ಈ ಗುತ್ತಿಗೆ ತಪ್ಪಬಾರದೆಂಬುದು ಅವರ ಒಂದೇ ಆಸೆ.

"ಮನೇಲಿದ್ರೆ ಒಗ್ಗರಣೆಗೆ ಸಾಸಿವೆ ಎಷ್ಟು ಹಾಕಬೇಕು ಅಂತ ಹೇಳಿಕೊಡ್ತಾರೆ ಕಣೋ. ಇಪ್ಪತ್ತೇಳು ವರ್ಷ ಆದ್ಮೇಲೆ!"

ಕೆಲಸ ಹೀಗಿತ್ತು. ಒಂದೊಂದು ಕೆರೆಯ ವರದಿಯನ್ನೂ ಬೇರೆ ಬೇರೆ ಜನ, ಬೇರೆ ಬೇರೆ ಕಾಲದಲ್ಲಿ, ತಮಗೆ ತೋಚಿದಂತೆ ಬರೆದಿದ್ದರು. ಹೋಲಿಸಬೇಕಾದರೆ ಎಲ್ಲ ವರದಿಗೂ ಒಂದೇ ಪ್ರಶ್ನೆ ಕೇಳಬೇಕು. ಅದಕ್ಕೆ ನಲವತ್ತು ಪ್ರಶ್ನೆಗಳ ಫಾರಂ: ನೀರು ಬಿಡಲು ಒಬ್ಬ ಇದ್ದನೇ, ತಪ್ಪಿದವರಿಗೆ ದಂಡವಿತ್ತೇ, ಹೆಂಗಸರು ಕೆರೆ ಬಳಸುತ್ತಿದ್ದರೇ. ಉತ್ತರಕ್ಕೆ ಮೂರು ಕಾಲಂ: ಹೌದು, ಇಲ್ಲ, ವರದಿಯಲ್ಲಿ ಹೇಳಿಲ್ಲ. ಒಂದೇ ವರದಿಯನ್ನು ಇಬ್ಬರು ಪರಸ್ಪರ ಮಾತಾಡಿಕೊಳ್ಳದೆ ಓದಿ ತುಂಬಬೇಕು. ಆಮೇಲೆ ತಾಳೆ ನೋಡುವುದು.

ಮಹಂತೇಶ ಎರಡು ವರ್ಷ ಓಲ್ಡ್ ರಾಜಿಂದರ್ ನಗರದ ಐಎಎಸ್ ಕೋಚಿಂಗಿನಲ್ಲಿ ಕೂತೆದ್ದು ಬಂದವನು. ಯಾವ ಪ್ರಶ್ನೆಗೂ 'ಗೊತ್ತಿಲ್ಲ' ಎನ್ನಬಾರದು ಎಂಬುದೊಂದನ್ನು ಅಲ್ಲಿ ಚೆನ್ನಾಗಿ ಕಲಿತಿದ್ದ. ಉಳಿದದ್ದನ್ನೂ ಕಲಿತಿದ್ದರೆ ಇಷ್ಟು ಹೊತ್ತಿಗೆ ಕಲೆಕ್ಟರ್ ಆಗಿರುತ್ತಿದ್ದ. ಮೂರನೇ ಕಾಲಂ ಇರುವುದು ಸೋಮಾರಿಗಳಿಗೆ ಎಂದು ತೀರ್ಮಾನಿಸಿ, ವರದಿಯಲ್ಲಿ ಸುದ್ದಿಯೇ ಇಲ್ಲದ್ದಕ್ಕೆಲ್ಲ 'ಇಲ್ಲ' ಎಂದು ಗುರುತು ಹಾಕಿದ. ರತ್ನಮ್ಮನವರ ಫಾರಂಗಳಲ್ಲಿ ಆ ಮೂರನೇ ಕಾಲಂ ತುಂಬಿ ತುಳುಕುತ್ತಿತ್ತು.

ತಾಳೆ ನೋಡಿದರೆ ನೂರಕ್ಕೆ ಐವತ್ತೆಂಟು ಮಾತ್ರ ಹೊಂದಿತು. ಮುಖ್ಯಸ್ಥರಾದ ಮುರಳೀಧರ ಸರ್‌ಗೆ ಎಂಬತ್ತು ಬೇಕಿತ್ತು, ಅದೂ ಶುಕ್ರವಾರದೊಳಗೆ. ರತ್ನಮ್ಮನವರ ಗುತ್ತಿಗೆಯ ಕಾಗದ ಸರ್ ಮೇಜಿನ ಮೇಲೆ ಸಹಿಗೆ ಕಾದಿತ್ತು.

"ರತ್ನಮ್ಮನವರೇ, ಹುಡುಗ ಸ್ಪಷ್ಟವಾಗಿ ಬರೆದಿದ್ದಾನೆ. ನಿಮ್ಮದು ಬರೀ ಹೇಳಿಲ್ಲ, ಹೇಳಿಲ್ಲ. ಇದೇ ನೋಡಿ, ಹದಿನೇಳನೇ ಕೆರೆ, ನಿಮ್ಮ ಕೋಲಾರದ ಕಡೆಯದೇ. ನೀರು ಬಿಡೋನು ಇದ್ನೋ ಇಲ್ವೋ? ಅವನು ಇಲ್ಲ ಅಂದಿದ್ದಾನೆ, ನೀವೂ ಅದನ್ನೇ ಹಾಕಿಬಿಡಿ. ಎಲ್ಲ ಕಡೆ ಹಾಗೇ ಮಾಡಿ. ಚಲೋ, ಮುಗೀತು. ಇಲ್ಲಾಂದ್ರೆ ಬೇರೆ ಯಾರನ್ನಾದ್ರೂ ಕೂರಿಸಬೇಕಾಗುತ್ತೆ."

ಯಾರ ಕುರ್ಚಿಯಲ್ಲಿ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ಹಾಕಲ್ಲ ಸರ್," ಎಂದರು ರತ್ನಮ್ಮ. "ಇವನ ಫಾರಂ ಒಮ್ಮೆ ಓದಿ ನೋಡಿ. ಹನ್ನೊಂದು ಊರಲ್ಲಿ ಹೆಂಗಸರು ಕೆರೆ ಬಳಸೋದೇ ಇಲ್ಲ ಅಂತ ಹಾಕಿದ್ದಾನೆ. ಅಲ್ಲಿ ಬಟ್ಟೆ ಒಗೆಯೋರು ಯಾರು? ಇವನಾ, ಬೂಟು ಹಾಕ್ಕೊಂಡು?"

ಮುರಳೀಧರ ಸರ್ ಹನ್ನೊಂದೂ ಫಾರಂ ತಿರುವಿ ಹಾಕಿದರು. ನಗಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ಹೊತ್ತೂ ಮಹಂತೇಶ ವಾಟರ್ ಫಿಲ್ಟರನ್ನು ಆಳವಾಗಿ ಅಧ್ಯಯನ ಮಾಡಿದ. ಅರವತ್ತು ವರದಿಗಳನ್ನೂ ಮೊದಲಿಂದ ಓದುವುದು ಅವನ ಪಾಲಿಗೇ ಬಂತು. ಶುಕ್ರವಾರ ಕೈತಪ್ಪಿತು. ಸರ್ ಗುತ್ತಿಗೆಗೆ ಸಹಿಯೇನೋ ಹಾಕಿದರು, ಆದರೆ 'ಒಂದು ವರ್ಷ' ಎಂಬುದನ್ನು ಹೊಡೆದು 'ಆರು ತಿಂಗಳು' ಎಂದು ತಿದ್ದಿದರು.

ಆ ಕಾಗದವನ್ನು ಮಹಂತೇಶನೇ ತಂದುಕೊಟ್ಟ. ಓದಬಾರದು ಎಂದುಕೊಳ್ಳುತ್ತಲೇ ದಾರಿಯಲ್ಲಿ ಓದಿದ. ಕೊನೆಗೆ ರತ್ನಮ್ಮನವರ ವಿವರಗಳಿದ್ದವು. ಹುಟ್ಟಿದ ಊರು: ಹದಿನೇಳನೇ ಕೆರೆಯ ಊರೇ. ತಂದೆಯ ಉದ್ಯೋಗ: ನೀರುಗಂಟಿ. ಎಂದರೆ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವನು. ಆ ವರದಿಯಲ್ಲಿ ಊರ ಗೌಡರ ಹೆಸರಿತ್ತು, ಇಂಜಿನಿಯರ ಹೆಸರಿತ್ತು, ತೂಬಿನ ಅಗಲ ಇಂಚಿನಲ್ಲಿತ್ತು. ಅದನ್ನು ತೆಗೆಯುತ್ತಿದ್ದವನ ಸುದ್ದಿ ಮಾತ್ರ ಇರಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಅವನು ಕೇಳಿಯೇಬಿಟ್ಟ.

"ಮೇಡಂ, ನೀರುಗಂಟಿ ಇದ್ರು ಅಂತ ನಿಮಗೆ ಗೊತ್ತಿತ್ತು. ನಿಮ್ಮಪ್ಪನೇ. ಹೌದು ಅಂತ ಹಾಕಬಹುದಿತ್ತಲ್ಲ? ಮನಸ್ಸಿಗೆ ಏನೂ ಅನಿಸಲಿಲ್ವಾ?"

ರತ್ನಮ್ಮ ಪಲ್ಯವನ್ನು ಅವನ ಡಬ್ಬಿಯ ಮುಚ್ಚಳಕ್ಕೆ ಬಡಿಸಿದರು.

"ಅನಿಸ್ತು. ಆದ್ರೆ ಅಪ್ಪನ್ನ ಬಿಟ್ಟಿದ್ದು ವರದಿ ಬರೆದೋನು. ನಾನು ತುಂಬಿಸಿಕೊಟ್ರೆ ಅವನು ಬಿಟ್ಟಿದ್ದು ಯಾರಿಗೆ ಗೊತ್ತಾಗುತ್ತೆ?"