ಚಿಕ್ಕತಾಯಮ್ಮನ ಮಾತು, ನನ್ನ ಇಂಗ್ಲಿಷು

ಮೊನ್ನೆ ಪಾಂಡವಪುರದ ಪೇಟೆಬೀದಿಯಲ್ಲಿ ರಾಗಿಹುಲ್ಲು ಹೇರಿದ ಟ್ರಾಕ್ಟರೊಂದು ನನ್ನ ಕನ್ನಡಕ ಸವರಿಕೊಂಡೇ ಹೋಯಿತು. ಆ ವಾಸನೆಗೆ ನೆನಪಾದವಳು ನಾಗಮಂಗಲ ಕಡೆಯ ಚಿಕ್ಕತಾಯಮ್ಮ. ನಮ್ಮವ್ವನ ವಯಸ್ಸಿನವಳು.

ತೊಂಬತ್ತರ ದಶಕ. ನಾನಾಗ ಅಲ್ಲಿ ಕೃಷಿ ಸಹಾಯಕ. ನಮ್ಮ ಸರ್ಕಾರವೂ ಯಾವುದೋ ತಂಪು ದೇಶದ ಸರ್ಕಾರವೂ ಸೇರಿ ರಾಗಿ ಸಂಶೋಧನೆಗೆ ಅನುದಾನ ಕೊಟ್ಟಿದ್ದವು. ಆ ದೇಶದಲ್ಲಿ ರಾಗಿ ಬೆಳೆಯುವುದಿಲ್ಲ. ಹಾಗಾಗಿ ಅವರ ಅಭಿಪ್ರಾಯ ನಿಷ್ಪಕ್ಷಪಾತವಾಗಿರುತ್ತದೆ ಎಂದು ನಮ್ಮ ಸಾಹೇಬರು ವಿವರಿಸಿದ್ದರು. ಅನುದಾನದಲ್ಲಿ ಮೊದಲು ಜೀಪು ಬಂತು, ಆಮೇಲೆ ಹೊಲದಲ್ಲಿ ನೆಡುವ ಬೋರ್ಡು, ಕೊನೆಗೆ ಹೊಸ ತಳಿಯ ಬೀಜ. ಚಿಕ್ಕತಾಯಮ್ಮನಿಗೆ ಹೇಳಿ ಅದನ್ನು ಅರ್ಧ ಹೊಲಕ್ಕೆ ಹಾಕಿಸಿದವನು ನಾನೇ.

ಬೆಳೆ ಮಾಗಿದಾಗ ಆ ದೇಶದ ವಿಜ್ಞಾನಿ ಬಂದರು. ಬೆಳೆ ಹೇಗೆ ಬಂದಿದೆ ಎಂದು ಕೇಳಿದರು. ನಗಬೇಡಿ, ದುಭಾಷಿ ನಾನು. ಚಿಕ್ಕತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ತೆನೆ ಏನೋ ದಪ್ಪ ಬಂದದೆ. ಉಲ್ಲು ನೋಡಪ್ಪ, ಮೊಣಕಾಲುದ್ದನೂ ಇಲ್ಲ. ಬ್ಯಾಸ್ಗೇಲಿ ನನ್ನ ದನ ಏನ್ ತಿನ್ಬೇಕು, ನಿಮ್ಮ ಬೋರ್ಡಾ?"

ಸಾಹೇಬರು ನನ್ನ ಕಾಲು ತುಳಿದರು. "ಶಿ ಈಸ್ ವೆರಿ ಹ್ಯಾಪಿ," ಎಂದೆ. ವಿಜ್ಞಾನಿ ನಗುತ್ತಾ ಅವಳ ಕೈ ಕುಲುಕಿದರು. ಫೋಟೊ ತೆಗೆದರು.

ಅವರು ಜೀಪು ಹತ್ತಿದ ಮೇಲೆ ಚಿಕ್ಕತಾಯಮ್ಮ ಕೇಳಿದಳು, "ನಾನಂದಿದ್ನ ಯೋಳ್ದಾ?"

"ಎಲ್ಲಾ ಹೇಳ್ದೆ ಕಣವ್ವ."

"ಸುಳ್ಳು ಕಣ್ಲಾ. ನಾನು ಅಷ್ಟೊತ್ತು ಬೈದಿವ್ನಿ, ಅವಯ್ಯ ನಕ್ಕೊಂಡು ಕೈ ಕುಲುಕ್ದ. ನೀನು ಯೋಳಿದ್ರೆ ನಗ್ತಿದ್ನಾ?"

ನಾನು ಬೋರ್ಡು ನೋಡುತ್ತಾ ನಿಂತೆ.

ಅವಳ ಫೋಟೊ ವರದಿಯ ಮುಖಪುಟಕ್ಕೇರಿತು. ಆ 'ಸಂತೃಪ್ತ ರೈತ ಮಹಿಳೆ'ಯನ್ನು ಇನ್ನೊಮ್ಮೆ ನೋಡಬೇಕೆಂದು ವಿಜ್ಞಾನಿ ಬೇಸಗೆಯಲ್ಲಿ ಮತ್ತೆ ಬಂದರು. ಚಿಕ್ಕತಾಯಮ್ಮ ಈ ಸಲ ನನ್ನತ್ತ ತಿರುಗಿಯೂ ನೋಡಲಿಲ್ಲ. ಅವರ ಕೈ ಹಿಡಿದು ನೇರ ಕೊಟ್ಟಿಗೆಗೆ ಕರೆದೊಯ್ದಳು. ಪಕ್ಕೆಲುಬು ಎದ್ದ ಹಸು ತೋರಿಸಿದಳು, ಖಾಲಿ ಗೋದಲಿ ತೋರಿಸಿದಳು. ತನ್ನ ಹಳೇ ರಾಗಿಯ ಉದ್ದ ಹುಲ್ಲನ್ನು ಅವರ ಒಂದು ಕೈಗೆ, ಹೊಸ ರಾಗಿಯ ಗಿಡ್ಡ ಹುಲ್ಲನ್ನು ಇನ್ನೊಂದು ಕೈಗೆ ಇಟ್ಟಳು.

ವಿಜ್ಞಾನಿ ಎರಡೂ ಹುಲ್ಲನ್ನು ಅಕ್ಕಪಕ್ಕ ಹಿಡಿದು ಅಳೆದು ನೋಡಿ, "ಹೋದ ಸಲವೂ ಇದನ್ನೇ ಹೇಳಿದರೇ?" ಎಂದು ನನ್ನನ್ನು ಕೇಳಿದರು. ಸಾಹೇಬರು ಕೆಮ್ಮಿದರು. "ಎಸ್ ಸರ್," ಎಂದುಬಿಟ್ಟೆ.

ಪರಿಣಾಮವಾಗಿ ಹುಲ್ಲಿನ ಉದ್ದದ ಬಗ್ಗೆಯೇ ಪ್ರತ್ಯೇಕ ಅನುದಾನ ಮಂಜೂರಾಯಿತು. ಅದರಲ್ಲಿ ಸಾಹೇಬರು ಹುಲ್ಲು ನೋಡಲು ಆ ತಂಪು ದೇಶಕ್ಕೆ ಹೋಗಿಬಂದರು. ನನಗೆ ಕೆ.ಆರ್. ಪೇಟೆಗೆ ವರ್ಗವಾಯಿತು. ಹೊರಡುವ ಮುನ್ನ ಹೇಳಿಬರಲು ಹೋದೆ. ಚಿಕ್ಕತಾಯಮ್ಮ ಮಜ್ಜಿಗೆ ಕೊಟ್ಟಳು.

"ಒಂದ್ ಮಾತು ನೆಟ್ಟಗೆ ಯೋಳಿದ್ಕೆ ಪ್ಯಾಟೆಗೆ ಆಕ್ಬುಟ್ರಾ? ಎಲ್ಲಾನೂ ಯೋಳಿದ್ರೆ ನಿನ್ನೂ ಫಾರಿನ್ನಿಗೆ ಕಳಿಸೋರು ಕಣ್ಲಾ!"

ಅವಳಿನ್ನೂ ಗಟ್ಟಿಯಾಗಿದ್ದಾಳಂತೆ, ವಿಚಾರಿಸಿದೆ. ನಾಳೆ ಹೊರಟಿದ್ದೇನೆ. ಇಷ್ಟು ವರ್ಷ ಮುಖ ತೋರಿಸದ್ದಕ್ಕೆ ಬೈಯುತ್ತಾಳೆ. ಬೈಯಲಿ. ಪೂರ್ತಿ ಕೇಳಿಸಿಕೊಂಡೇ ಬರುತ್ತೇನೆ.