ಪುಕ್ಕಟೆ ಬಣ್ಣ

ಹುಬ್ಬಳ್ಳಿಯ ಹವ್ಯಾಸಿ ನಾಟಕ ತಂಡವೊಂದರಲ್ಲಿ ನಾನು ಬಣ್ಣ ಹಚ್ಚಲು ಒಪ್ಪಿದ್ದು ಅರವತ್ತರ ದಶಕದ ಆರಂಭದಲ್ಲಿ. ಆಗ ಮಿಶನ್ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೆ. ಅಂಥ ತಂಡಗಳಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದ ಕಾಲ. ತಂಡದ ಕಾರ್ಯದರ್ಶಿಯಾಗಿದ್ದ ವಕೀಲರು ಖುದ್ದಾಗಿ ಮನೆಗೆ ಬಂದು ನನ್ನ ತಂದೆಯನ್ನು ಒಪ್ಪಿಸಿದ್ದರು.

ಎರಡು ತಿಂಗಳು ಪ್ರತಿ ಸಂಜೆ ತಾಲೀಮು. ನಾಟಕದಲ್ಲಿ ನನ್ನ ಗಂಡನ ಪಾತ್ರ ಹಳೇ ಹುಬ್ಬಳ್ಳಿಯ ಒಬ್ಬ ಗಿರಣಿ ಕೆಲಸಗಾರರದು. ತಾಲೀಮಿಗಾಗಿ ಎಷ್ಟೋ ಪಾಳಿ ತಪ್ಪಿಸಿ ಪಗಾರ ಬಿಟ್ಟಿದ್ದರು. ನಾಟಕಕ್ಕೆ ನಾಲ್ಕು ದಿನ ಇರುವಾಗ ಅವರು ವಕೀಲರನ್ನು ಮೆಲ್ಲಗೆ ಕೇಳಿದರು: "ಸಾಹೇಬ್ರ, ಟಿಕೀಟ ಎಲ್ಲಾ ಹೋಗ್ಯಾವಂತ. ನಟರಿಗೂ ಏನರೆ ಕೊಡ್ತೀರೇನ್ರಿ?"

"ಇದು ಕಲಾಸೇವಾ. ಸೇವಾಕ್ಕ ಕೂಲಿ ಕೇಳಬಾರದು."

ಅವರು ತಲೆ ತಗ್ಗಿಸಿದರು. ನನಗೆ ಸುಮ್ಮನಿರಲಾಗಲಿಲ್ಲ. "ಪರದೆ ಎಳಿಯೋರಿಗೆ ಕೊಡ್ತೀರಿ, ಪೇಟಿ ಬಾರಿಸೋರಿಗೆ ಕೊಡ್ತೀರಿ. ನಮಗಷ್ಟ ಯಾಕ ಸೇವಾ?" ಎಂದೆ.

ವಕೀಲರು ನನ್ನತ್ತ ತಿರುಗಿದರು. "ಬಾಯಾರ, ನೀವು ಮರ್ಯಾದಸ್ಥರ ಮನಿಯವರು. ರೊಕ್ಕ ತಗೊಂಡ್ರ ನಾಟಕ ಕಂಪನಿ ಹೆಂಗಸರಿಗೂ ನಿಮಗೂ ಏನ ಫರಕ್ ಉಳೀತದ?"

"ಏನೂ ಉಳಿಯೂದಿಲ್ರಿ. ಅವರೂ ದುಡೀತಾರ, ನಾನೂ ದುಡದೇನಿ. ನೀವು ಕೋರ್ಟಿನ್ಯಾಗ ಫೀ ತಗೊಂಡ್ರ ನಿಮ್ಮ ಮರ್ಯಾದಿ ಹೋಗ್ತದೇನು?"

ಅಂದೇ ನಮ್ಮಿಬ್ಬರನ್ನೂ ತಂಡದಿಂದ ತೆಗೆದರು. ನನ್ನ ಪಾತ್ರ ಕಚೇರಿಯೊಂದರ ಗುಮಾಸ್ತರಿಗೆ ಹೋಯಿತು.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. "ಖರೇನ ರೊಕ್ಕ ಕೇಳಿದ್ಯಾ?" ಎಂದರು ತಂದೆ.

"ಹೌದಪ್ಪಾ."

"ಹಂಗಿದ್ರ ತಾಲೀಮಿಗಿಂತ ಮೊದಲ ಕೇಳಬೇಕಾಗಿತ್ತು," ಎಂದರು.

ನಾಟಕದ ದಿನ ಟಿಕೀಟು ಕೊಂಡು ಮುಂದಿನ ಸಾಲಿನಲ್ಲಿ ಕೂತೆ. ವಕೀಲರು ಮುಖ ತಿರುಗಿಸಿದರು, ನಾನು ತಿರುಗಿಸಲಿಲ್ಲ. ಗುಮಾಸ್ತರು ನನ್ನ ಮಾತುಗಳನ್ನು ಚೆನ್ನಾಗಿಯೇ ಆಡಿದರು. ಹೊಟ್ಟೆ ಉರಿಯಿತು, ಆದರೂ ಚಪ್ಪಾಳೆ ತಟ್ಟಿದೆ. ಕೊನೆಗೆ ಅವರಿಗೆ ಸಿಕ್ಕಿದ್ದು ಒಂದು ಮಾಲೆ, ಒಂದು ತೆಂಗಿನಕಾಯಿ.

ಮರುವರ್ಷ ನನ್ನ ಗಂಡನ ಪಾತ್ರದ ಆ ಗಿರಣಿ ಕೆಲಸಗಾರರೇ ಗೋಪನಕೊಪ್ಪದಲ್ಲಿ ಸ್ವಂತ ತಂಡ ಕಟ್ಟಿದರು, ನಾನೂ ಸೇರಿದೆ. ಬಂದದ್ದು ಎಲ್ಲರಿಗೂ ಸಮಪಾಲು. ಕೆಲವು ಸಲ ಬಸ್ಸಿಗೂ ಸಾಲುತ್ತಿರಲಿಲ್ಲ, ಆದರೆ ಕೇಳಿದವರು ಯಾರೂ ತಲೆ ತಗ್ಗಿಸಬೇಕಾಗಿರಲಿಲ್ಲ. ಶಾಲೆಯಲ್ಲಿ ಬೆನ್ನ ಹಿಂದೆ ನನ್ನನ್ನು ಕಂಪನಿ ಬಾಯಿ ಅನ್ನುತ್ತಿದ್ದರು. ಅನ್ನಲಿ ಎಂದು ಬಿಟ್ಟೆ. ಎರಡನೆಯ ನಾಟಕಕ್ಕೆ ಆ ಗುಮಾಸ್ತರೂ ನಮ್ಮಲ್ಲಿಗೆ ಬಂದರು. ಅವರಿಗೆ ನನ್ನ ಅತ್ತೆಯ ಪಾತ್ರ ಕೊಟ್ಟೆವು.