ಜರ್ಮನಿಯ ಚರ್ಚಿನಲ್ಲಿ ನಾನು ಬರೆದ ಅರ್ಚನೆ

ಕಳೆದ ತಿಂಗಳು ನಾನು ನನ್ನ ಹೆಂಡತಿಯ ಹೆಸರನ್ನು ಸತ್ತವರ ಪಟ್ಟಿಯಲ್ಲಿ ಬರೆದು ಬಂದೆ. ನನ್ನ ಕೈಯಾರೆ. ನಕ್ಷತ್ರ, ರಾಶಿ ಸಮೇತ.

ಗಾಬರಿಯಾಗಬೇಡಿ. ಅವಳು ಚೆನ್ನಾಗಿದ್ದಾಳೆ. ನಾನು ಇದನ್ನು ಬರೆಯುತ್ತಿರುವಾಗ ಪಕ್ಕದ ರೂಮಿನಲ್ಲಿ ಆಫೀಸಿನ ಮೀಟಿಂಗಿನಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ. (ಪಾಪ, ಯಾರೋ.) ಆ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು, ಮಗಳ ಹೆಸರೂ ಇತ್ತು. ಮೂವರನ್ನೂ ಒಂದೇ ಪೆನ್ನಿನಲ್ಲಿ ಮುಗಿಸಿದ್ದೆ.

ನನ್ನನ್ನು ವಾರವಾರ ಸಹಿಸಿಕೊಳ್ಳುವ ನಿಮಗೆ ನನ್ನ ಸ್ವಭಾವ ಗೊತ್ತಿದೆ. 'ಗೊತ್ತಿಲ್ಲ' ಅನ್ನುವ ಮಾತು ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ. ಸೂಟ್‌ಕೇಸ್ ತುಂಬುವುದು ಹೇಗೆ, ಇಮಿಗ್ರೇಷನ್‌ನಲ್ಲಿ ಯಾವ ಸಾಲಿನಲ್ಲಿ ನಿಲ್ಲಬೇಕು, ಸಿಯಾಟಲ್ ಹತ್ತಿರದ ಸಮಾಮಿಶ್‌ನ ನಮ್ಮ ಮನೆಯಿಂದ ಎವರೆಟ್‌ನ ಆಫೀಸಿಗೆ ಎಷ್ಟು ಗಂಟೆಗೆ ಹೊರಟರೆ ಟ್ರಾಫಿಕ್ ಸಿಗುವುದಿಲ್ಲ, ಎಲ್ಲಕ್ಕೂ ನನ್ನ ಹತ್ತಿರ ಉತ್ತರವಿದೆ. (ಕೊನೆಯದಕ್ಕೆ ಉತ್ತರ: ಯಾವಾಗ ಹೊರಟರೂ ಸಿಗುತ್ತದೆ.) ದಾರಿ ತಪ್ಪಿದರೂ ಅಲ್ಲಿಗೇ ಬರಬೇಕಿತ್ತು ಅನ್ನುವ ಹಾಗೆ ಕಾರು ನಿಲ್ಲಿಸುವ ಗಂಡಸು ನಾನು, ಅಂತ ನನ್ನ ಹೆಂಡತಿ ವೀಣಾ ಸ್ನೇಹಿತರ ಮುಂದೆ ಹೇಳುತ್ತಿರುತ್ತಾಳೆ.

ಬೆಂಗಳೂರಿನಲ್ಲಿ ನನ್ನ ತಮ್ಮನ ಮಗಳ ಮದುವೆ ಮುಗಿಸಿ ಸಿಯಾಟಲ್‌ಗೆ ವಾಪಸು ಬರುತ್ತಿದ್ದೆವು. ಜರ್ಮನಿಯಲ್ಲಿ ವಿಮಾನ ಬದಲಿಸಬೇಕಿತ್ತು. ಹೇಗೂ ಇಳಿಯುತ್ತೇವೆ, ಎರಡು ದಿನ ಇದ್ದು ಒಂದು ಹಳೇ ಊರು ನೋಡೋಣ ಅಂದೆ. ಹದಿನಾರು ವರ್ಷದ ಮಗಳು ಅನಘಾ ಹೋಟೆಲಿನಲ್ಲಿ ವೈಫೈ ಇದೆಯಾ ಅಂತ ಕೇಳಿ ಒಪ್ಪಿಕೊಂಡಳು.

ಊರು ಚೆನ್ನಾಗಿತ್ತು. ಹೆಸರು ಹೇಳಲು ಹೋದರೆ ನಾಲಿಗೆ ತೊಡರುತ್ತದೆ, ಬಿಡಿ. ಕಲ್ಲು ಹಾಸಿದ ದೊಡ್ಡ ಚೌಕ. ಸುತ್ತ ಮರದ ಪಟ್ಟಿಗಳ, ಸ್ವಲ್ಪ ಮುಂದಕ್ಕೆ ವಾಲಿದ ಮನೆಗಳು. ಚೌಕದಲ್ಲಿ ತರಕಾರಿ ಸಂತೆ. ಅದರ ಒಂದು ಬದಿಗೆ ಚರ್ಚ್. ಎರಡು ಗೋಪುರ, ಒಂದು ಎತ್ತರ, ಇನ್ನೊಂದು ಗಿಡ್ಡ. ಬೋರ್ಡಿನ ಪ್ರಕಾರ ಏಳುನೂರು ವರ್ಷ ಹಳೆಯದು. ನಮ್ಮ ಸಮಾಮಿಶ್‌ನಲ್ಲಿ ಮೂವತ್ತು ವರ್ಷದ ಮನೆಯನ್ನು ಹಳೇ ಮನೆ ಅನ್ನುತ್ತಾರೆ, ಕೆಡವಿ ಹೊಸದು ಕಟ್ಟುತ್ತಾರೆ.

ಒಳಗೆ ತಂಪು. ದಪ್ಪ ದಪ್ಪ ಕಂಬಗಳು, ಬಣ್ಣದ ಗಾಜಿನಿಂದ ಇಳಿಯುವ ಬೆಳಕು. ಜನ ಕಡಿಮೆ. ನಾನು ಎಂದಿನಂತೆ ಗೈಡ್ ಕೆಲಸ ಶುರು ಮಾಡಿದೆ. ಈ ಕಮಾನು ಭಾರವನ್ನು ಹೇಗೆ ಹೊರುತ್ತದೆ, ಆ ಗಾಜಿಗೆ ಬಣ್ಣ ಹೇಗೆ ಬರುತ್ತದೆ, ಎಲ್ಲ ವಿವರಿಸಿದೆ. ಅರ್ಧ ಗೊತ್ತಿತ್ತು, ಇನ್ನರ್ಧವನ್ನು ಅದೇ ಧಾಟಿಯಲ್ಲಿ ಹೇಳಿದೆ.

ಬಲಗಡೆಯ ಒಂದು ಮೂಲೆಯಲ್ಲಿ ಮರದ ಸ್ಟ್ಯಾಂಡು. ಅದರ ಮೇಲೆ ತೆರೆದಿಟ್ಟ ದೊಡ್ಡ ಪುಸ್ತಕ. ದಾರ ಕಟ್ಟಿದ ಪೆನ್ನು. ಪಕ್ಕದಲ್ಲಿ ಉರಿಯುವ ಮೇಣದಬತ್ತಿ. ಪುಟದ ತುಂಬ ಬೇರೆ ಬೇರೆ ಕೈಬರಹದಲ್ಲಿ ಹೆಸರುಗಳು.

ದೇವರ ಮುಂದೆ ದೀಪ, ದೀಪದ ಪಕ್ಕ ಪುಸ್ತಕ, ಪುಸ್ತಕದಲ್ಲಿ ಹೆಸರು. ನೀವಾಗಿದ್ದರೆ ಏನಂದುಕೊಳ್ಳುತ್ತಿದ್ದಿರಿ? ಕೆಲವು ಹೆಸರುಗಳ ಮುಂದೆ ಸಣ್ಣ ಶಿಲುಬೆಯ ಗುರುತಿತ್ತು, ನಿಜ. ಚರ್ಚ್ ಅಂದಮೇಲೆ ಶಿಲುಬೆ ಇರದೆ ಇನ್ನೇನಿರುತ್ತದೆ?

ಪುಟದ ಮೇಲಿನ ಸಾಲಿನಲ್ಲಿ ಏನು ಬರೆದಿದೆ ಗೊತ್ತಾ ಅಂತ ಅನಘಾ ಇಂಗ್ಲಿಷಿನಲ್ಲಿ ಕೇಳಿದಳು. ಗೊತ್ತು, ಇದು ಅವರ ಅರ್ಚನೆ ಪುಸ್ತಕ, ಹೆಸರು ಬರೆದರೆ ಪಾದ್ರಿಗಳು ಪ್ರಾರ್ಥನೆ ಮಾಡುತ್ತಾರೆ ಅಂದೆ. ಪೆನ್ನು ಎತ್ತಿಕೊಂಡೆ.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಈ ಅಂಕಣದಲ್ಲಿ ಇದುವರೆಗೆ ಬರೆದಿಲ್ಲ. ಎರಡು ವರ್ಷದ ಹಿಂದೆ ವೀಣಾಗೆ ಕ್ಯಾನ್ಸರ್ ಆಯಿತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಗಿ, ಕೂದಲು ಹೋಗಿ, ಮತ್ತೆ ಬಂದು, ಅವಳು ಕೆಲಸಕ್ಕೆ ಮರಳಿದಳು. ಈಗ ಆರು ತಿಂಗಳಿಗೊಮ್ಮೆ ಸ್ಕ್ಯಾನ್. ನಾವು ಸಿಯಾಟಲ್‌ಗೆ ಮರಳಿದ ಮೇಲೆ ಬರುವ ಗುರುವಾರವೇ ಅಂಥದ್ದೊಂದು ಸ್ಕ್ಯಾನ್ ಇತ್ತು.

ಆ ದಿನಗಳಲ್ಲಿ ನಾನು ಏನೇನು ಮಾಡಿದೆ ಗೊತ್ತೇ? ಔಷಧಿಗೊಂದು ಸ್ಪ್ರೆಡ್‌ಶೀಟ್, ಊಟಕ್ಕೊಂದು ಸ್ಪ್ರೆಡ್‌ಶೀಟ್. ಪ್ರತಿ ಶನಿವಾರ ದೇವಸ್ಥಾನಕ್ಕೆ ಡ್ರೈವ್ ಮಾಡಿ, ಕೌಂಟರಿನಲ್ಲಿ ಅರ್ಚನೆ ಚೀಟಿ ತುಂಬಿಸುತ್ತಿದ್ದೆ. ವೀಣಾ, ರೋಹಿಣಿ ನಕ್ಷತ್ರ, ವೃಷಭ ರಾಶಿ. ಎಷ್ಟು ಸಲ ಬರೆದಿದ್ದೇನೆ ಅಂದರೆ, ಪೆನ್ನು ಹಿಡಿದರೆ ಕೈ ತಾನಾಗಿ ಬರೆಯುತ್ತದೆ. ಜೊತೆಗೆ ಮನೆಯಲ್ಲೊಂದು ನಿಯಮ ಮಾಡಿದ್ದೆ. ಕೆಟ್ಟ ಮಾತು ಆಡಕೂಡದು. ಪಾಸಿಟಿವ್ ಆಗಿರಬೇಕು. ಯಾರಾದರೂ ಮುಖ ಸಪ್ಪಗೆ ಮಾಡಿದರೆ 'ಏನೂ ಆಗಲ್ಲ ಬಿಡು' ಅನ್ನುತ್ತಿದ್ದೆ. ನಿಯಮ ಚೆನ್ನಾಗಿ ನಡೆಯುತ್ತಿದೆ ಅಂತ ನನಗೆ ಜಂಬವೂ ಇತ್ತು.

ಆ ಪುಸ್ತಕದಲ್ಲೂ ಅವಳ ಹೆಸರನ್ನೇ ಮೊದಲು ಬರೆದೆ, ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ. ಕೆಳಗೆ ಸ್ವಾತಿ ನಕ್ಷತ್ರ, ತುಲಾ ರಾಶಿಯ ಮಗಳು. ಕೊನೆಗೆ ನಾನು. ನಕ್ಷತ್ರ ತಿಳಿಯದೆ ಜರ್ಮನ್ ಪಾದ್ರಿಗೆ ತೊಂದರೆಯಾಗಬಾರದಲ್ಲ? ಕೈಮುಗಿದು ಹೊರಗೆ ಬಂದೆವು. ಮನಸ್ಸು ಹಗುರಾಗಿತ್ತು.

ಚೌಕದಲ್ಲಿ ಬಿಸಿಲು ಬಿದ್ದಿತ್ತು. ಕಾಫಿ ತೆಗೆದುಕೊಂಡು ಕುಳಿತೆವು. ನಾನು ಬರೆಯುತ್ತಿದ್ದುದನ್ನು ಅನಘಾ ಫೋಟೋ ತೆಗೆದಿದ್ದಳಂತೆ. ಈಗಿನ ಫೋನುಗಳು ಫೋಟೋದಲ್ಲಿರುವ ಅಕ್ಷರವನ್ನೂ ಅನುವಾದ ಮಾಡುತ್ತವಲ್ಲ, ಪುಟದ ತಲೆಬರಹವನ್ನು ಅದಕ್ಕೆ ತೋರಿಸಿದ್ದಾಳೆ. ಫೋನನ್ನು ನನ್ನ ಕಡೆ ತಿರುಗಿಸಿದಳು.

"ಅಪ್ಪ, ದಿಸ್ ಈಸ್ ಫಾರ್ ಡೆಡ್ ಪೀಪಲ್."

ಕಾಫಿ ಕೆಳಗಿಟ್ಟೆ. ಫೋನಿನಲ್ಲಿ ಸ್ಪಷ್ಟವಾಗಿತ್ತು: ನಮ್ಮನ್ನು ಅಗಲಿದವರು, ಭಾನುವಾರ ಸಂಜೆ ಆರಕ್ಕೆ ಇವರ ಹೆಸರುಗಳನ್ನು ಓದಲಾಗುವುದು. ಅದರ ಕೆಳಗೆ ನನ್ನ ಅಕ್ಷರದಲ್ಲಿ ವೀಣಾ.

ನಾನು ಓಡಿದೆ. ಐವತ್ತೆರಡು ವರ್ಷದ ಗಂಡಸು ತರಕಾರಿ ಸಂತೆಯ ನಡುವೆ ಓಡುವುದನ್ನು ಆ ಊರಿನವರು ನೋಡಿದರು. ಹಿಂದಿನಿಂದ ತಾಯಿ ಮಗಳು ನಿಧಾನವಾಗಿ ಬಂದರು. ಚರ್ಚಿನ ಉಸ್ತುವಾರಿ ನೋಡಿಕೊಳ್ಳುವ ಒಬ್ಬ ವಯಸ್ಸಾದ ಹೆಂಗಸು ಬಾಗಿಲ ಬಳಿಯ ಮೇಜಿನಲ್ಲಿ ಕುಳಿತಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು. ನಾನು ಏದುಸಿರು ಬಿಡುತ್ತ ಎಲ್ಲ ಹೇಳಿದೆ. ನಮ್ಮ ದೇವಸ್ಥಾನ, ನಮ್ಮ ಚೀಟಿ, ನಮ್ಮ ನಕ್ಷತ್ರ. ಆ ಹಾಳೆ ಹರಿದು ಕೊಡಿ ಅಂದೆ.

ಅವರು ನಗಲಿಲ್ಲ. ಅದಕ್ಕೆ ಇವತ್ತಿಗೂ ಋಣಿ. ಹಾಳೆ ಹರಿಯಲು ಬರುವುದಿಲ್ಲ, ಅದರ ಎರಡೂ ಬದಿಯಲ್ಲಿ ಬೇರೆಯವರು ಅವರವರ ತಂದೆತಾಯಿಯ, ಮಕ್ಕಳ ಹೆಸರು ಬರೆದಿದ್ದಾರೆ ಅಂದರು. ಬೇಕಾದರೆ ನಿಮ್ಮ ಮೂರು ಸಾಲಿನ ಮೇಲೆ ಗೆರೆ ಎಳೆದುಬಿಡಿ ಅಂತ ಡ್ರಾಯರಿನಿಂದ ಒಂದು ಸ್ಕೇಲು ತೆಗೆದುಕೊಟ್ಟರು. ಇಷ್ಟು ವರ್ಷಗಳಲ್ಲಿ ಈ ಪುಸ್ತಕದಿಂದ ಹೆಸರು ತೆಗೆಯಿರಿ ಅಂತ ಕೇಳಿಕೊಂಡು ಬಂದವರು ನೀವೇ ಮೊದಲು ಅಂತಲೂ ಹೇಳಿದರು. ಬರುವುದಾದರೂ ಹೇಗೆ?

ಪುಸ್ತಕದ ಮುಂದೆ ನಿಂತು ಸ್ಕೇಲಿಟ್ಟೆ. ನನ್ನ ಹೆಸರಿನ ಮೇಲೆ ಗೆರೆ ಎಳೆದೆ. ಮಗಳ ಹೆಸರಿನ ಮೇಲೆ, ಕಣ್ಣು ಅರ್ಧ ಮುಚ್ಚಿ, ಎಳೆದೆ. ವೀಣಾಳ ಹೆಸರಿನ ಮೇಲೆ ಸ್ಕೇಲಿಟ್ಟವನಿಗೆ ಕೈ ಆಡಲಿಲ್ಲ.

ನಮ್ಮಲ್ಲಿ ಹೆಸರಿನ ಮೇಲೆ ಗೆರೆ ಎಳೆಯುವುದು ಯಾವಾಗ? ಅಜ್ಜ ಹೋದಾಗ ಅಪ್ಪ ರೇಷನ್ ಕಾರ್ಡ್ ತೆಗೆದುಕೊಂಡು ತಾಲ್ಲೂಕು ಕಚೇರಿಗೆ ಹೋಗಿದ್ದರು. ಗುಮಾಸ್ತ ಸ್ಕೇಲಿಟ್ಟು ಅಜ್ಜನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೆ. ಬರೆದಿದ್ದನ್ನು ಹಾಗೇ ಬಿಟ್ಟರೂ ಅದೇ ಅರ್ಥ, ಹೊಡೆದು ಹಾಕಿದರೂ ಅದೇ ಅರ್ಥ. ಉತ್ತರ ಗೊತ್ತಿಲ್ಲದೆ ನಾನು ಹೀಗೆ ನಿಂತಿದ್ದು ಬಹಳ ವರ್ಷಗಳಲ್ಲಿ ಅದೇ ಮೊದಲು.

ವೀಣಾ ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ಅವಳೇ ಗೆರೆ ಎಳೆಯುತ್ತಾಳೆ ಅಂದುಕೊಂಡೆ. ಅವಳು ಪೆನ್ನನ್ನು ಪುಸ್ತಕದ ಮೇಲೆ ಅಡ್ಡ ಇಟ್ಟು, ಇರಲಿ ಬಿಡಿ, ಓದಲಿ ಅಂದಳು.

ನನಗೆ ಸಿಟ್ಟು ಬಂತು. ಹುಚ್ಚು ಹಿಡಿದಿದೆಯಾ ಅಂತ ಕೇಳಿದೆ. ಮುಂದಿನ ಗುರುವಾರ ಸ್ಕ್ಯಾನ್ ಇಟ್ಟುಕೊಂಡು ಆಡುವ ಮಾತಾ ಇದು ಅಂದೆ. ಆಮೇಲೆ ಅಭ್ಯಾಸ ಬಲದಿಂದ, ಏನೂ ಆಗಲ್ಲ ಬಿಡು ಅಂತಲೂ ಸೇರಿಸಿದೆ.

ವೀಣಾ ಗದಗಿನವಳು. ನನ್ನ ಜೊತೆ ಇಪ್ಪತ್ತು ವರ್ಷದಿಂದ ನಮ್ಮ ತುಮಕೂರಿನ ಕಡೆಯ ಕನ್ನಡವನ್ನೇ ಆಡುತ್ತಾಳೆ. ಮಾತು ಒಳಗಿನಿಂದ ಬಂದಾಗ ಮಾತ್ರ ಗದಗು ಬರುತ್ತದೆ.

"ಎರಡು ವರ್ಷ ಆತ್ರಿ, ನಂಗ ಅಂಜಿಕಿ ಐತಿ ಅಂತ ಹೇಳಾಕ ನೀವು ಒಂದು ದಿನಾನೂ ಬಿಟ್ಟಿಲ್ಲ. ಬಾಯಿ ತೆಗದ್ರ ಸಾಕು, ಏನೂ ಆಗಲ್ಲ ಅಂತೀರಿ. ಈ ಪುಸ್ತಕದಾಗರ ಯಾರರ ಒಬ್ರು ಬಾಯಿ ಬಿಟ್ಟು ಓದ್ಲಿ ಬಿಡ್ರಿ."

ಅವಳ ದನಿ ಏರಲಿಲ್ಲ. ಅಳುವೂ ಇರಲಿಲ್ಲ. ಇನ್ನೂ ಏನಾದರೂ ಹೇಳಿ ಸರಿಪಡಿಸಬೇಕು ಅಂತ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅನಘಾ ಅಮ್ಮನ ತೋಳು ಹಿಡಿದುಕೊಂಡು, ನೆಲ ನೋಡುತ್ತ ಹೇಳಿದಳು.

"ಐ ಆಮ್ ಸ್ಕೇರ್ಡ್ ಟೂ, ಅಮ್ಮ. ಆಲ್ ದ ಟೈಮ್."

ಹದಿನಾಲ್ಕನೇ ವಯಸ್ಸಿನಿಂದ ಈ ಹುಡುಗಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಶಾಲೆಗೆ ಹೋಗಿದ್ದಾಳೆ, ಬಂದಿದ್ದಾಳೆ, ನನ್ನ ಜೋಕುಗಳಿಗೆ ನಕ್ಕಿದ್ದಾಳೆ. ನನ್ನ ಮನೆಯಲ್ಲಿ. ನನ್ನ ನಿಯಮದ ಪ್ರಕಾರ. ನನಗೆ ಆದ ನಾಚಿಕೆಯನ್ನು ಇಲ್ಲಿ ಹೇಳಿಕೊಳ್ಳುವುದು ಕಷ್ಟ, ಆದರೂ ಹೇಳುತ್ತಿದ್ದೇನೆ. ನಾನು ಅತ್ತೆ. ಚರ್ಚಿನವರು ಒಂದು ಕುರ್ಚಿ ತಂದುಕೊಟ್ಟರು. ಆ ಪುಸ್ತಕದ ಮುಂದೆ ಅಳುವವರನ್ನು ಅವರು ದಿನವೂ ನೋಡುತ್ತಿರಬೇಕು.

ವೀಣಾಳ ಹೆಸರು ಅಲ್ಲೇ ಉಳಿಯಿತು. ಮರುದಿನ, ಶನಿವಾರ, ಸಿಯಾಟಲ್‌ಗೆ ಬಂದು ಇಳಿದೆವು.

ಜರ್ಮನಿಯ ಭಾನುವಾರ ಸಂಜೆ ಆರು ಅಂದರೆ ನಮಗೆ ಭಾನುವಾರ ಬೆಳಿಗ್ಗೆ ಒಂಬತ್ತು. ನಿದ್ದೆಗೆಟ್ಟು ಬೇಗ ಎದ್ದಿದ್ದ ನಾವು ಅಡುಗೆಮನೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದೆವು. ಈಗ ಓದುತ್ತಿರಬಹುದು ಅಂದಳು ವೀಣಾ, ಗಡಿಯಾರ ನೋಡಿ. ಪಾಪ ಆ ಪಾದ್ರಿ ರೋಹಿಣಿ ನಕ್ಷತ್ರವನ್ನು ಹೇಗೆ ಉಚ್ಚರಿಸುತ್ತಾರೋ ಅಂತ ನಕ್ಕಳು. ನನ್ನ ನಾಲಿಗೆಯ ತುದಿಗೆ ಹಳೇ ಮಾತೇ ಬಂತು. ನುಂಗಿಕೊಂಡೆ. ಕಷ್ಟ ಇದೆ ಸ್ವಾಮಿ, ಅಷ್ಟು ವರ್ಷದ ಅಭ್ಯಾಸ. ಅದರ ಬದಲು, ನಿನಗೆ ಯಾವುದಕ್ಕೆ ಹೆದರಿಕೆ ಅಂತ ಕೇಳಿದೆ.

ಒಂದೂವರೆ ಗಂಟೆ ಮಾತಾಡಿದಳು. ನಾನು ಸಾವಿನ ಮಾತು ಬರುತ್ತದೆ ಅಂತ ಗಟ್ಟಿಯಾಗಿ ಕುಳಿತಿದ್ದೆ. ಅದೂ ಬಂತು. ಆದರೆ ಅದಕ್ಕಿಂತ ಮೊದಲು ಬಂದದ್ದು ಬೇರೆ. ಸ್ಕ್ಯಾನ್ ಮೆಷಿನ್ನಿನೊಳಗೆ ಮಲಗಿದಾಗ ಆಗುವ ಸದ್ದು. ರಿಪೋರ್ಟ್ ಬರುವ ತನಕ ಫೋನ್ ಅಲುಗಿದರೆ ಬೆವರುವುದು. ಅನಘಾಳ ಮದುವೆಗೆ ಅಂತ ಮನಸ್ಸಿನಲ್ಲೇ ಎತ್ತಿಟ್ಟ ಒಂದು ಇಳಕಲ್ ಸೀರೆ ಯಾವ ಬೀರುವಿನಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲದಿರುವುದು. ಅವಳು ಹೇಳಿದ್ದಕ್ಕೆ ಯಾವುದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕೇಳಲೂ ಇಲ್ಲ. ಕೊನೆಗೆ, ಅವಲಕ್ಕಿ ಆರಿಹೋಗಿದೆ, ಬಿಸಿ ಮಾಡ್ಲಾ ಅಂದಳು. ಆಮೇಲೆ ನನಗೂ ಹೆದರಿಕೆಯಿದೆ ಅಂತ ನಾನು ಹೇಳಿದೆ. ಮೊದಲ ಸಲ.

ಗುರುವಾರ ಸ್ಕ್ಯಾನ್ ಆಯಿತು. ಕಾರಿನಲ್ಲಿ ಮೂವರೂ ಹೋದೆವು, ಅನಘಾ ಆ ದಿನ ಸ್ಕೂಲಿಗೆ ರಜೆ ಹಾಕಿದಳು. ರಿಪೋರ್ಟ್ ಚೆನ್ನಾಗಿದೆ. ಇನ್ನಾರು ತಿಂಗಳು ನಿರಾಳ. ಹಾಗಾದರೆ ನೀವು ಹೇಳಿದ್ದೇ ಸರಿಯಾಯಿತಲ್ಲ, ಏನೂ ಆಗಲಿಲ್ಲವಲ್ಲ ಅಂತ ಕೆಲವು ಓದುಗರು ಖಂಡಿತ ಬರೆಯುತ್ತೀರಿ. ಬರೆಯಿರಿ. ಹಿಂದಿನ ನಾನಾಗಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ.

ಆದರೆ ಅದಕ್ಕೂ ಮೊದಲು ಒಂದು ಸಣ್ಣ ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಮನೆಯಲ್ಲಿ ಕೊನೆಯ ಸಲ ನೀವು 'ಏನೂ ಆಗಲ್ಲ ಬಿಡು' ಅಂದಿರಲ್ಲ, ಆಗ ಎದುರಿಗಿದ್ದವರ ಮಾತು ಮುಗಿದಿತ್ತೇ?